ಅರ್ಚಕರ ಎದೆಯ ಮೇಲೆ ಊರ ಕಣ್ಣು

ಮೊನ್ನೆ ನಾನು ಕಳ್ಳರ ಹಾಗೆ ನನ್ನದೇ ಮನೆಯ ಮಂಚದ ಕೆಳಗೆ ತೂರಿದ್ದೆ. ಅಣ್ಣನ ಮಗ ಶ್ರೀಪಾದ ಕಾಲೇಜಿಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡೇ ತೂರಿದ್ದು. ಸಿಕ್ಕಿತು ನೋಡಿ, ಪ್ರೋಟೀನ್ ಪುಡಿಯ ದೊಡ್ಡ ಕಪ್ಪು ಡಬ್ಬಿ! ಮುಚ್ಚಳ ತೆಗೆದು ಮೂಸಿದೆ. ವೆನಿಲಾ. (ವೆನಿಲಾ ಹಾಕುವುದೇ ಇನ್ನೊಂದು ವಾಸನೆ ಮುಚ್ಚಲಿಕ್ಕೆ ಅಲ್ಲವೇ?)

ಈ ಪತ್ತೇದಾರಿಕೆಗೆ ಕಾರಣ ಅಣ್ಣನ ಫೋನು. ಅಣ್ಣ ಮಾನ್ವಿಯಲ್ಲಿ ಪ್ರಾಣದೇವರ, ಅಂದರೆ ಹನುಮಂತನ, ಗುಡಿಯ ಅರ್ಚಕ. ಶ್ರೀಪಾದ ರಾಯಚೂರಿನ ನನ್ನ ಮನೆಯಲ್ಲಿದ್ದು ಬಿ.ಎಡ್. ಓದುತ್ತಾನೆ, ಶನಿವಾರ ಊರಿಗೆ ಹೋಗಿ ಪೂಜೆ ಮಾಡುತ್ತಾನೆ. ಮೊದಲು ಅವನ ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು. ಒಂದು ವರ್ಷದಿಂದ ಜಿಮ್. ಸೊಂಟ ಹಾಗೇ ಇದೆ, ಭುಜ ಅಗಲವಾಗಿದೆ, ಎದೆ ತುಂಬಿದೆ. ಬೇರೆ ಹುಡುಗರು ಶರ್ಟಿನೊಳಗೆ ಏನು ಬೆಳೆಸಿಕೊಂಡರೂ ಊರಿಗೆ ತಿಳಿಯುವುದಿಲ್ಲ. ಅರ್ಚಕನಿಗೆ ಶರ್ಟೇ ಇಲ್ಲವಲ್ಲ! ಮಂಗಳಾರತಿಗೆ ಬಂದವರು ದೇವರನ್ನು ಬಿಟ್ಟು ಅವನನ್ನು ನೋಡತೊಡಗಿದರು.

“ಇದು ಅನ್ನ-ಸಾರಿನ ಮೈ ಅಲ್ಲ, ತತ್ತಿ ತಿಂದ ಮೈ ಅಂತ ಹಿರಿಯರು ಅನ್ನಾಕತ್ತಾರ,” ಎಂದ ಅಣ್ಣ. “ಅದು ಖರೇ ಆದ್ರ ಅವಗ ಗರ್ಭಗುಡಿ ಬಾಗಿಲಾ ಬಂದ್. ನೀನ ಸ್ವಲ್ಪ ನೋಡವಾ.”

ನೋಡಿದೆ. ಡಬ್ಬಿಯ ಮೇಲೆ ಸಸ್ಯಾಹಾರದ ಹಸಿರು ಚುಕ್ಕೆ ಇತ್ತು. ಚುಕ್ಕೆ ಹಚ್ಚಲಿಕ್ಕೆ ಎಷ್ಟು ಹೊತ್ತು ಬೇಕು? ಅಡುಗೆಮನೆಯಲ್ಲಿ ಹೆಸರುಕಾಳು, ಶೇಂಗಾ ಬೇಗ ಬೇಗ ಖಾಲಿಯಾಗುತ್ತಿದ್ದದ್ದೂ ನೆನಪಾಯಿತು. ಮೊಟ್ಟೆ ಮುಚ್ಚಿಡಲು ಹೂಡಿದ ನಾಟಕವಿರಬಹುದು! ಮೇಲಾಗಿ, ತುಪ್ಪ ಬಡಿಸಲು ಹೋದರೆ ಎಲೆಗೆ ಕೈ ಅಡ್ಡ ಹಿಡಿಯುತ್ತಾನೆ. ತುಪ್ಪ ಒಲ್ಲೆ ಎನ್ನುವ ವೈಷ್ಣವರ ಹುಡುಗನನ್ನು ನಂಬುವುದು ಹೇಗೆ?

ಸಂಜೆ ನೆಟ್ಟಗೆ ಅವನ ಜಿಮ್ಮಿಗೇ ಹೋದೆ. ನಡೆಸುವವರು ದೇವದುರ್ಗದ ಕಡೆಯ ಬಾಷಾ. ಕುರ್ಚಿ ಕೊಟ್ಟು, ಚಹಾ ತರಿಸಲೇ ಎಂದರು. ಚಹಾ ಬೇಡವೆಂದು, ಹುಡುಗನಿಗೆ ಏನು ತಿನ್ನಿಸುತ್ತಿದ್ದೀರಿ ಎಂದು ಕೇಳಿಯೇಬಿಟ್ಟೆ. ಬಾಷಾ ಬೇಜಾರು ಮಾಡಿಕೊಳ್ಳಲಿಲ್ಲ. ಸಣ್ಣ ಮೈಯವರು ದಪ್ಪಗಾಗಲೆಂದು ಸಿಕ್ಕಿದ್ದೆಲ್ಲ ತಿಂದರೆ ಬೊಜ್ಜು ಬರುತ್ತದೆಯೇ ಹೊರತು ಎದೆ ಬರುವುದಿಲ್ಲ ಎಂದರು. ಊಟ ಸ್ವಲ್ಪವೇ ಹೆಚ್ಚು, ಅದರಲ್ಲೂ ಕಾಳು, ಮೊಸರು, ಪನೀರು. ಎತ್ತುವ ಭಾರವನ್ನು ನಿಧಾನಕ್ಕೆ ಏರಿಸುತ್ತಾ ಹೋಗಬೇಕು. ಚೆನ್ನಾಗಿ ನಿದ್ದೆ ಮಾಡಬೇಕು. ಅಷ್ಟೇ.

ಅಷ್ಟೇನಾ? ಅಷ್ಟಕ್ಕೇ ಇಂಥ ಭುಜ ಬರುತ್ತದೆಯೇ? ಮೊಟ್ಟೆಯ ಮಾತನ್ನು ನಾನೇ ತೆಗೆದೆ.

“ಅಂಡಾ ದೂರ ಉಳೀತು ಮೇಡಂ. ಬರಾಕತ್ತಿ ವರ್ಷ ಆತು, ಇಲ್ಲಿ ನೀರು ಸೈತ ಕುಡದಿಲ್ಲ. ಮನಿಯಿಂದ ಬಾಟ್ಲಿ ತರ್ತಾರ.”

ನಗುತ್ತಲೇ ಹೇಳಿದರು. ನನಗೆ ಮಾತ್ರ ನಾಚಿಕೆಯಾಯಿತು. ಬೇಡವೆಂದಿದ್ದ ಚಹಾವನ್ನು ನಾನೇ ಕೇಳಿ ತರಿಸಿಕೊಂಡು ಕುಡಿದೆ.

ಶನಿವಾರ ಶ್ರೀಪಾದನ ಜೊತೆ ಮಾನ್ವಿ ಬಸ್ಸು ಹತ್ತಿದೆ. ಪೂಜೆ, ಪ್ರಸಾದ ಮುಗಿದ ಮೇಲೆ ಹಿರಿಯರು ಗುಡಿಯ ಅಂಗಳದಲ್ಲಿ ಕೂತರು. ಕಡಲೆಬೇಳೆ-ಬೆಲ್ಲದ ಹಯಗ್ರೀವವನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಉಂಡಿದ್ದರು. ನಾನು ಕಂಡದ್ದು, ಕೇಳಿದ್ದು ಎಲ್ಲ ಹೇಳಿದೆ. ಶ್ರೀಪಾದ ಪ್ರಾಣದೇವರ ಆಣೆ ಮಾಡಿ, ತಾನು ಮೊಟ್ಟೆ ಮುಟ್ಟಿಲ್ಲವೆಂದ. ಗದೆ ಹಿಡಿದ ದೇವರ ಮುಂದೆ ನಿಲ್ಲುವವನಿಗೆ ಎದೆ ಇರಬಾರದೇ ಎಂದೂ ಕೇಳಿದೆ.

ಕೊನೆಗೆ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡರು. “ತಿಂದಿಲ್ಲ ಅಂತನ ಇಟ್ಕೊಳ್ಳೋಣು. ಆದ್ರ ನೋಡಿದವರಿಗೆ ಸಂಶಯ ಬರ್ತದಲ್ಲ? ಇನ್ನ ಮ್ಯಾಲೆ ಎದಿ ಮುಚ್ಚಿ ಶಲ್ಯ ಹೊತ್ಕೊಂಡು ಪೂಜಿ ಮಾಡ್ಲಿ.”

ಎಲ್ಲರೂ ತಲೆಯಾಡಿಸಿದರು. ಬಾಗಿಲು ಮುಚ್ಚಲಿಲ್ಲವಲ್ಲ ಎಂದು ಅಣ್ಣ ಕೈಮುಗಿದ. ಶ್ರೀಪಾದನ ಮುಖ ಮಾತ್ರ ಬಾಡಿತು. ಮಾಡದ ತಪ್ಪನ್ನು ಅವನಿನ್ನು ಶನಿವಾರ ಶನಿವಾರ ಹೊದ್ದುಕೊಂಡು ನಿಲ್ಲಬೇಕು. ನನಗೆ ಮೈಯೆಲ್ಲ ಉರಿಯಿತು.

ಸುತ್ತ ನೋಡಿದೆ. ತೀರ್ಪು ಕೊಟ್ಟವರೆಲ್ಲ ಬರಿಮೈಯಲ್ಲೇ ಇದ್ದರು. ಒಬ್ಬೊಬ್ಬರ ಹೊಟ್ಟೆಯೂ ಅವರವರ ತೊಡೆಯ ಮೇಲೆ ಆರಾಮಾಗಿ ಕೂತಿತ್ತು.

ಇಷ್ಟು ವರ್ಷದಲ್ಲಿ ಇವರನ್ನು ಯಾರಾದರೂ ‘ಏನು ತಿಂದಿರಿ’ ಎಂದು ಕೇಳಿದ್ದಾರೆಯೇ?