ಅಲಂಕಾರಕ್ಕಿಟ್ಟ ಸ್ನಾಯುಗಳು

ಅಮೆರಿಕದ ಡುಲೂತಿನ ಒಂದು ಕಾಲೇಜಿನ ನೆಲಮಾಳಿಗೆಯಲ್ಲಿ, ಬಾಯ್ಲರ್ ಕೋಣೆಗೆ ಒತ್ತಿಕೊಂಡಂತೆ, ವರ್ನಾ ಲಿಂಡ್‌ಕ್ವಿಸ್ಟಳ ಮೇಜು. ಮಹಡಿಯ ಮೇಲಿನ ಮೇಷ್ಟ್ರುಗಳು ಮಾಡಿದ ಸ್ಲೈಡುಗಳಿಗೆ ಮಾತು ಬರಿಸುವುದು ಅವಳ ಉದ್ಯೋಗ. ಚಿತ್ರದಲ್ಲಿ ಏನಿದೆಯೆಂದು ಅದರ ಬೆನ್ನಿಗೆ ಟೈಪ್ ಮಾಡಿಟ್ಟರೆ, ಕಣ್ಣು ಕಾಣದವರ ಕಂಪ್ಯೂಟರು ಅದನ್ನು ಓದಿ ಹೇಳುತ್ತದೆ. ಗಂಡ ಬದುಕಿದ್ದಾಗ ಊಟದ ಹೊತ್ತಿನಲ್ಲೂ ಅದೇ ಚಾಳಿ: "ಎಡಗಡೆ ಆಲೂಗಡ್ಡೆ, ಬಲಗಡೆ ಬಟಾಣಿ." "ನನಗೆ ಕಣ್ಣಿದೆ ಕಣೇ," ಎನ್ನುತ್ತಿದ್ದ ಆತ. ಈಗ ಹೇಳಿಸಿಕೊಳ್ಳಲು ಬೆಕ್ಕೂ ಇರಲಿಲ್ಲ.

ಆ ಚಳಿಗಾಲ ಅವಳ ಪಾಲಿಗೆ ಬಂದವನು ಅರ್ವೊ ಹಕಲಾ. ಅದಿರು ತುಂಬುವ ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುತ್ತಿದ್ದವನ ಕಣ್ಣನ್ನು ಸಕ್ಕರೆ ಕಾಯಿಲೆ ತಿಂದಿತ್ತು. ಐವತ್ತರ ಅಂಚಿನಲ್ಲಿ ಮಸಾಜು ಕಲಿಯಲು ಸೇರಿದ್ದ. ಸ್ನಾಯುಗಳ ಪರೀಕ್ಷೆಯಲ್ಲಿ ಆಗಲೇ ಒಮ್ಮೆ ಡುಮ್ಕಿ. ಮತ್ತೊಮ್ಮೆ ಬಿದ್ದರೆ ಕೋರ್ಸಿನಿಂದಲೇ ಹೊರಗೆ.

"ಏನ್ ವರ್ನಾ, ನನ್ನ ಮೀನಖಂಡ ರೆಡೀನಾ?" ಎನ್ನುತ್ತಲೇ ಮೆಟ್ಟಿಲಿಳಿಯುತ್ತಿದ್ದ.

"ಇನ್ನೂ ಬೇಯ್ತಾ ಇದೆ, ತಡ್ಕೊಳೋ."

ಮಂಡಿಯ ಹಿಂದೆ ಎರಡು ತಲೆಯಾಗಿ ಹುಟ್ಟಿ, ಇಳಿಯುತ್ತ ಒಂದಾಗಿ, ಹಿಮ್ಮಡಿಗೆ ಹುರಿಯಂತೆ ಕಟ್ಟಿಕೊಳ್ಳುತ್ತದೆ ಎಂದು ಅವಳು ಬರೆದದ್ದನ್ನು ಕೇಳಿ, ಅವನು ತನ್ನದೇ ಕಾಲು ತಡವಿ ನೋಡಿಕೊಳ್ಳುತ್ತಿದ್ದ.

ಅದೇ ಹೊತ್ತಿಗೆ ಕಾಲೇಜು, ಕಣ್ಣು ಕಾಣದವರಿಗೂ ಎಟಕುವಂತಿವೆಯೇ ಎಂದು ನೋಡಿ ಸ್ಲೈಡುಗಳಿಗೇ ಅಂಕ ಹಾಕುವ ಸಾಫ್ಟ್‌ವೇರ್ ತಂದಿತು. ನೂರಕ್ಕೆ ನೂರು ಗಳಿಸಿದ ವಿಭಾಗಕ್ಕೆ ಪಿಜ್ಜಾ. ಸ್ನಾಯುಪಾಠದ ಗ್ರೆಚೆನ್ ಮೋಲ್ಡನ್‌ಹೌವರ್ ಪರೀಕ್ಷೆಯ ಹಿಂದಿನ ಶುಕ್ರವಾರ ಚಿತ್ರಗಳನ್ನೆಲ್ಲ ಬದಲಾಯಿಸಿ, ಹೊಸ ಸ್ಲೈಡುಗಳನ್ನು ಹಳೆಯವುಗಳ ಮೇಲೆ ಏರಿಸಿದಳು. ವರ್ನಾ ಬರೆದದ್ದೆಲ್ಲ ಅಳಿಸಿಹೋಯಿತು. ಸಾಫ್ಟ್‌ವೇರ್ ಒಂದೊಂದು ಚಿತ್ರಕ್ಕೂ ತಕರಾರು ತೆಗೆಯಿತು: ವಿವರಣೆ ಬರೆಯಿರಿ, ಇಲ್ಲವೇ 'ಬರೀ ಅಲಂಕಾರ' ಎಂದು ಗುರುತು ಹಾಕಿ. ಗ್ರೆಚೆನ್ ಎಲ್ಲಕ್ಕೂ ಗುರುತು ಹಾಕಿದಳು. ಹಸಿರು ದೀಪ ಹತ್ತಿತು. ಅಲಂಕಾರವೆಂದದ್ದನ್ನು ಓದುವ ಯಂತ್ರ ತುಟಿ ಪಿಟಕ್ಕೆನ್ನದೆ ದಾಟಿಬಿಡುತ್ತದೆ.

ಶನಿವಾರ, ಭಾನುವಾರ ಅರ್ವೊನಿಗೆ ಕೇಳಿಸಿದ್ದು ತಲೆಬರಹ ಮಾತ್ರ. ತೊಡೆ. ಮುಂದಿನ ಸ್ಲೈಡ್. ಬೆನ್ನು. ಮುಂದಿನ ಸ್ಲೈಡ್. ತನ್ನ ಕಂಪ್ಯೂಟರೇ ಕೆಟ್ಟಿದೆಯೆಂದು ಅದನ್ನು ಆರಿಸಿ, ಹಚ್ಚಿ, ಬೈದು, ಬೇಡಿಕೊಂಡ. ಸೋಮವಾರ ಪರೀಕ್ಷೆಯಲ್ಲಿ ಬಿದ್ದ.

ವರ್ನಾ ಏದುಸಿರು ಬಿಡುತ್ತ ಮಹಡಿ ಹತ್ತಿದಳು. "ಗ್ರೆಚೆನ್, ಎಲ್ಲಾ ಚಿತ್ರನೂ ಅಲಂಕಾರ ಅಂತ ಹಾಕಿದೀರಲ್ರೀ!"

"ಹೌದು! ಹಸಿರು ಬಂತು ನೋಡಿದ್ರಾ? ನಿಮಗೂ ಕೆಲಸ ಕಮ್ಮಿ ಆಗ್ಲಿ ಅಂತ."

"ಬೆನ್ನೆಲುಬಿನ ಸ್ನಾಯು ಅಲಂಕಾರಕ್ಕಾ ಇರೋದು?"

ಗ್ರೆಚೆನ್ ಮುಖ ಬಿಳಿಚಿಕೊಂಡಿತು. "ಅಯ್ಯೋ ದೇವರೇ... ಅರ್ವೊ ಅದನ್ನ ಕೇಳಿಸ್ಕೊಂಡು ಓದ್ತಾನೆ ಅನ್ನೋದೇ ತಲೆಗೆ ಹೊಳೀಲಿಲ್ಲ." ಆ ಊರಿನಲ್ಲಿ ತಪ್ಪಿಗೆ ಪ್ರಾಯಶ್ಚಿತ್ತವೆಂದರೆ ನಿಂಬೆಯ ಬಾರ್ ಎಂಬ ಸಿಹಿತಿಂಡಿ; ಮರುದಿನ ಒಂದು ತಟ್ಟೆ ನೆಲಮಾಳಿಗೆಗೆ ಇಳಿದು ಬಂತು. ಮರುಪರೀಕ್ಷೆ ಮಾತ್ರ ಬರಲಿಲ್ಲ.

"ಗ್ರೆಚೆನ್ ತಪ್ಪು ಒಪ್ಕೊಂಡಿದಾಳೆ ಸರಿ," ಎಂದ ಡೀನ್, ಮರುಪರೀಕ್ಷೆ ಕೇಳಲು ಹೋದ ವರ್ನಾಳಿಗೆ. "ಆದ್ರೆ ನೂರಕ್ಕೆ ನೂರು ಬಂದ ಸ್ಲೈಡಲ್ಲಿ ಐಬಿತ್ತು ಅಂತ ನಾನು ಹ್ಯಾಗ್ರೀ ಬರೀಲಿ, ವರ್ನಾ?"

ವರ್ನಾ ಹಟ ಹಿಡಿದು ವಿವರಣೆಗಳನ್ನೆಲ್ಲ ಮತ್ತೆ ಬರೆದಳು. ಸಾಫ್ಟ್‌ವೇರ್ ಕೆಂಪಾಯಿತು: ವಿವರಣೆ ತೀರಾ ಉದ್ದ. ಹಸಿರಿದ್ದದ್ದನ್ನೇ ವಾಪಸು ಇಡಿ ಎಂದು ಮೇಲಿನಿಂದ ಸೂಚನೆ ಬಂತು.

ಅರ್ವೊ ಕಾಲೇಜಿನ ಹೆಡ್‌ಫೋನ್ ಹಿಂತಿರುಗಿಸಲು ಬಂದ. "ಧ್ವನಿ ನೋಡಿದ್ರೆ ಕುತ್ತಿಗೆ ಹಿಡ್ಕೊಂಡಂಗಿದೆ. ಮುಟ್ಲಾ?"

"ಮುಟ್ಟು ಮಾರಾಯ."

ಹೆಬ್ಬೆರಳು ತಡಕಾಡದೆ ಗಂಟಿನ ಮೇಲೆ ನಿಂತಿತು. "ಇದರ ಹೆಸರೇನು?"

ಅವಳು ಹೆಸರು ಹೇಳಿದಳು. ತಲೆಬುರುಡೆಯ ಬುಡದಲ್ಲಿ ಹುಟ್ಟಿ, ಭುಜಕ್ಕೆ ಹರಡಿ, ನಡುಬೆನ್ನಿಗೆ ಇಳಿಯುವುದನ್ನೂ ಹೇಳಿದಳು.

"ಓ, ಇದೇನಾ ಅದು," ಎಂದ. ಇನ್ನೂ ಸ್ವಲ್ಪ ಒತ್ತಿ ಕೈ ತೆಗೆದ. ಕೈಗವಸು ಹಾಕಿಕೊಂಡು ಬಸ್ಸಿಗೆ ಹೋದ.

ವಿಭಾಗಕ್ಕೆ ಪಿಜ್ಜಾ ಬಂತು. ಮುಂದಿನ ಸೆಮಿಸ್ಟರಿಗೆ ಕಣ್ಣು ಕಾಣದವರು ಯಾರೂ ಸೇರಲಿಲ್ಲ. ಹಾಗಾಗಿ ದೂರು ಕೂಡ ಬರಲಿಲ್ಲ.