ಹನ್ನೆರಡರಿಂದ ಭಾಗಿಸಿದ ವರ್ಷ

ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ಆದರೂ ಬರವಣಿಗೆ ನನಗೆ ಅಭ್ಯಾಸವಿಲ್ಲ. ಹೇಳುವುದರಲ್ಲಿ ಹಿಂದುಮುಂದಾದರೆ ಓದುಗರು ಮನ್ನಿಸಬೇಕು. ಕಳೆದ ವಾರ ಅಂಕಪಟ್ಟಿಗಳ ಫೈಲಿನಲ್ಲಿ ಹಳೆಯ ಅರ್ಜಿಯೊಂದರ ಜೆರಾಕ್ಸ್ ಸಿಕ್ಕಿತು. ಅಕ್ಷರ ನನ್ನದು, ಹೆಬ್ಬೆಟ್ಟು ಬಿಳಿಗೆರೆಯಲ್ಲಿ ನಮ್ಮ ಪಕ್ಕದ ತೋಟದ ದೊಡ್ಡಮ್ಮನದು.

ತ್ರೀಫೇಸ್ ಕರೆಂಟಿಗೆ ಕಾದು ಸಾಕಾಗಿದ್ದ ಅವರಿಗೆ ಸೋಲಾರ್ ಪಂಪು ಬೇಕಾಗಿತ್ತು. ಹಳ್ಳಿಗಳ ಏಳಿಗೆಗೆಂದೇ ಅದಕ್ಕೆ ಸಾಲ ಕೊಡುವುದಾಗಿ ಕಂಪನಿಯೊಂದು ಗೋಡೆಗಳ ಮೇಲೆಲ್ಲ ಬರೆಸಿತ್ತು. ಅರ್ಜಿ ತುಂಬಲು ದೊಡ್ಡಮ್ಮ ನನ್ನ ಬಳಿಗೆ ಬಂದರು. ಗಳಿಕೆ ಬರೆಯಲು ಅದರಲ್ಲಿ ‘ತಿಂಗಳ ಆದಾಯ’ ಎಂಬ ಒಂದೇ ಕಲಂ ಇತ್ತು.

ನಮ್ಮ ಕಡೆ ತೆಂಗಿನಕಾಯಿ ಕೊಬ್ಬರಿಗೆಂದು ಅಟ್ಟಕ್ಕೇರಿದರೆ ಹತ್ತು ಹನ್ನೊಂದು ತಿಂಗಳು ಯಾರೂ ಮುಟ್ಟುವುದಿಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎಂದ ಮೇಲೆಯೇ ಮನೆಗೆ ಹಣ, ಅದೂ ವರ್ಷಕ್ಕೊಮ್ಮೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಕಲಂ ಖಾಲಿ ಬಿಟ್ಟರೆ ತಪ್ಪಾದೀತೆಂದು ಅಂಜಿ, ವರ್ಷದ ಆದಾಯವನ್ನು ಹನ್ನೆರಡರಿಂದ ಭಾಗಿಸಿ ಬರೆದೆ. ಲೆಕ್ಕವೇನೋ ಸರಿಯಾಗಿಯೇ ಇತ್ತು...

ಪಂಪು ಬಂತು. ಹಾಡಹಗಲೇ ನೀರು ಹರಿಯುವುದನ್ನು ದೊಡ್ಡಮ್ಮ ಬದುವಿನ ಮೇಲೆ ಕುಳಿತು ನೋಡುತ್ತಿದ್ದರು. ಮೂರು ತಿಂಗಳ ಕಂತುಗಳನ್ನು ಹಾಲಿನ ದುಡ್ಡಿನಲ್ಲಿ ಕಟ್ಟಿದರು. ನಾಲ್ಕನೆಯದು ತಪ್ಪಿದಾಗ ಕಂಪನಿಯವರು ಎಲ್ಲಿಂದಲೋ ಗುಂಡಿಯೊತ್ತಿ ಪಂಪನ್ನು ಲಾಕ್ ಮಾಡಿದರು. ನೆತ್ತಿಯ ಮೇಲೆ ಬಿಸಿಲು ಸುಡುತ್ತಿತ್ತು, ಕೊಳವೆಬಾವಿಯಲ್ಲಿ ನೀರಿತ್ತು, ತೋಟ ಒಣಗುತ್ತಿತ್ತು.

ವಸೂಲಿಗೆ ಬಂದ ಯುವಕನ ಕಿವಿಯ ಬಳಿ ದೊಡ್ಡಮ್ಮ ಅಟ್ಟದ ಕಾಯೊಂದನ್ನು ಕುಲುಕಿದರು. “ಕೇಳಪ್ಪ, ಇನ್ನೂ ನೀರೈತೆ. ಒಣಗಾಕೆ ದೀಪಾವಳಿ ಕಳೀಬೇಕು.”

“ತಿಂಗಳಿಗೆ ಇಷ್ಟು ಬರ್ತದೆ ಅಂತ ನೀವೇ ಬರ್ಸಿದ್ದೀರಲ್ಲಮ್ಮ,” ಎಂದು ಅವನು ನನ್ನ ಅಕ್ಷರ ತೋರಿಸಿದ.

“ತೆಂಗಿನ ಮರ ಏನು ಮೇಷ್ಟ್ರೇನಪ್ಪ, ಒಂದನೇ ತಾರೀಕು ಸಂಬಳ ತರಾಕೆ?”

ಅವನು ನಕ್ಕ. ನಾನು ಅಲ್ಲೇ ನಿಂತಿದ್ದೆ. ಬರೆದವಳು ನಾನೆಂದು ದೊಡ್ಡಮ್ಮ ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಬಾಕಿ ಕಂತು ಕಟ್ಟಿ ಪಂಪಿನ ಲಾಕ್ ತೆಗೆಸಲು ಮರುದಿನವೇ ಅಟ್ಟ ಬರಿದಾಯಿತು. ಎಳಸು ಕೊಬ್ಬರಿಯ ಆ ಕಾಯಿಗಳು ವ್ಯಾಪಾರಿ ಹೇಳಿದ ಬೆಲೆಗೆ ಎಣ್ಣೆಗಾಣಕ್ಕೆ ಹೋದವು. ನನ್ನ ತಪ್ಪನ್ನು ನಾನು ಮುಚ್ಚಿಡುವುದಿಲ್ಲ. ಆದರೆ ತೆಂಗಿನ ಸೀಮೆಗೆ ಸಾಲ ಹಂಚಲು ಬಂದವರು, ಇಲ್ಲಿ ಹಣ ಯಾವಾಗ ಕೈಗೆ ಬರುತ್ತದೆಂದು ಒಬ್ಬರನ್ನಾದರೂ ಕೇಳಬೇಡವೇ? ಅರ್ಜಿಯಲ್ಲಿ ಒಂದು ಸಾಲು ಹೆಚ್ಚಿಗೆ ಅಚ್ಚು ಹಾಕಿಸಿದ್ದರೆ ಸಾಕಿತ್ತು. ಬಿಸಿಲಿಗೆ ಬೀಗ ಹಾಕುವ ಯಂತ್ರ ಕಂಡುಹಿಡಿದವರಿಗೆ ಅಷ್ಟೂ ತೋಚಲಿಲ್ಲವೇ?

ದೊಡ್ಡಮ್ಮ ಈಗಿಲ್ಲ. ಅವರ ಮುಂದೆ ಒಪ್ಪಿಕೊಳ್ಳಬೇಕಾಗಿದ್ದ ಮಾತು ನನ್ನಲ್ಲೇ ಉಳಿಯಿತು... ಪಂಪು ಓಡುತ್ತಿದೆ. ಅವರ ಮನೆಯವರು ಕೊಬ್ಬರಿ ಮಾಡುವುದನ್ನು ಬಿಟ್ಟಿದ್ದಾರೆ. ಕಂತಿನ ತಾರೀಖಿಗೆ ಮುಂಚೆ, ತಿಂಗಳು ತಿಂಗಳೂ ಎಳನೀರು ಇಳಿಸಿ ಮಾರುತ್ತಾರೆ.