ದೇವಬಾಗದ ದೀರ್ಘ

2023ರ ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಶಾಲೆಯ ನೌಕರಿಯನ್ನು ಬಿಟ್ಟು ನಾಲ್ಕು ವರ್ಷಗಳಾಗಿದ್ದವು. ಕಾರವಾರ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಹದಿನೆಂಟು ವರ್ಷ ಕನ್ನಡ ಕಲಿಸಿದ್ದೆ. ಆಮೇಲೆ ತರಬೇತಿ ಪಡೆದು, ಹಳೆಯ ಕಂಪ್ಯೂಟರುಗಳಲ್ಲಿರುವ ದಾಖಲೆಗಳನ್ನೂ ಛಾಯಾಚಿತ್ರಗಳನ್ನೂ ಹೊಸ ವ್ಯವಸ್ಥೆಗೆ ಸಾಗಿಸಿಕೊಡುವ ಕೆಲಸ ಹಿಡಿದೆ. ಇದಕ್ಕೆ ಡೇಟಾ ಮೈಗ್ರೇಶನ್ ಎನ್ನುತ್ತಾರೆ. ಕೆಲಸ ಬದಲಾದರೂ ಜನ ನನ್ನನ್ನು ಶಾಲೆಯಲ್ಲಿದ್ದಾಗಿನ ಹಾಗೆ ‘ಅಕ್ಕೋರು’ ಎಂದೇ ಕರೆಯುತ್ತಾರೆ. ನಮ್ಮ ಕಡೆ ಒಮ್ಮೆ ಅಕ್ಕೋರಾದವಳಿಗೆ ರಾಜೀನಾಮೆ ಅನ್ವಯಿಸುವುದಿಲ್ಲ.

ಅಂಕೋಲೆಯ ಬಸ್ ನಿಲ್ದಾಣದ ಹತ್ತಿರ ವಿಠೋಬಾ ಅವರ ಫೋಟೊ ಸ್ಟುಡಿಯೊ ಇದೆ. ವಿಠೋಬಾ ಕಸಬು ಕಲಿತದ್ದು ಕಾರವಾರದಲ್ಲಿ. ಆದ್ದರಿಂದ ಅಂಕೋಲೆಯಲ್ಲಿ ಅಂಗಡಿ ಹಾಕಿದ ಮೇಲೂ ಕಿನ್ನರ, ಕದ್ವಾಡ, ದೇವಬಾಗಗಳ ಮದುವೆಗಳಿಗೆ ಅವರನ್ನೇ ಕರೆಯುತ್ತಿದ್ದರು. ಅವರ ಕಂಪ್ಯೂಟರು ಚಿತ್ರ ತಿದ್ದುವುದಕ್ಕೆಂದೇ ಕೊಂಡ ಬೇರೆ ಜಾತಿಯದು. ಅದರ ಆಪರೇಟಿಂಗ್ ಸಿಸ್ಟಮ್, ಅಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ, ನಾವು ಕಚೇರಿಗಳಲ್ಲಿ ನೋಡುವಂಥದ್ದಲ್ಲ. ಅದರ ಪರದೆ ಆಗಾಗ ಕಪ್ಪಾಗತೊಡಗಿದಾಗ ಅವರು ಸಾಮಾನ್ಯ ಮಾದರಿಯ ಹೊಸದೊಂದನ್ನು ಕೊಂಡು, ಚಿತ್ರಗಳನ್ನು ಸಾಗಿಸಲು ನನ್ನನ್ನು ಕರೆದರು.

ಒಟ್ಟು ಮೂವತ್ತೊಂದು ಸಾವಿರಕ್ಕೂ ಮಿಕ್ಕ ಚಿತ್ರಗಳು. ಫೋಲ್ಡರುಗಳ ಮೇಲೆ ಬರೀ ಕ್ಯಾಮೆರಾ ಕಾರ್ಡಿನ ಸಂಖ್ಯೆ. ವರ್ಷವೂ ಇಲ್ಲ, ಊರೂ ಇಲ್ಲ. ಆದರೆ ಒಳಗಿನ ಪ್ರತಿಯೊಂದು ಚಿತ್ರಕ್ಕೂ ಕನ್ನಡದಲ್ಲಿ ಹೆಸರು: ಊರು, ವ್ಯಕ್ತಿ, ಸಂದರ್ಭ. ‘ಕದ್ವಾಡ ಸುಮನ ಅರಿಸಿನ’, ‘ಕಿನ್ನರ ಆನಂದ ಮದುವೆ’. ಅಲ್ಪಪ್ರಾಣ ಮಹಾಪ್ರಾಣಗಳ ಒಂದು ತಪ್ಪೂ ನನಗೆ ಸಿಗಲಿಲ್ಲ.

“ಹೆಸರಿಡದೆ ಬಿಟ್ರೆ ಫೋಟೊ ಅನಾಥ ಆಗ್ತದೆ ಅಕ್ಕೋರೆ” ಎಂದರು ವಿಠೋಬಾ. “ಕನ್ನಡದಲ್ಲೇ ಎಂತಕೆ ಅಂದ್ರೆ, ಬಂದವ್ರು ಊರಿನ ಹೆಸರು ಹೇಳ್ತ್ರು, ನಾ ಹಂಗೇ ಟೈಪ್ ಮಾಡ್ತೆ, ಫೋಟೊ ಬರ್ತದೆ. ಕಾರ್ಡಿನ ನಂಬರ್ ಯಾರು ನೆನಪಿಟ್ಕೊಳ್ತ್ರು?”

ಒಂದು ಸಾಗಣೆ ಡಿಸ್ಕಿಗೆ ಎಲ್ಲವನ್ನೂ ಇಳಿಸಿ, ಅಲ್ಲಿಂದ ಹೊಸ ಯಂತ್ರಕ್ಕೆ ಏರಿಸಿದೆ. ನಂತರ ಮೂರು ಪರೀಕ್ಷೆಗಳು. ಎರಡೂ ಕಡೆ ಚಿತ್ರಗಳ ಎಣಿಕೆ ಒಂದೇ ಇರಬೇಕು. ಒಟ್ಟು ಗಾತ್ರ ಒಂದೇ ಇರಬೇಕು. ಮಾದರಿಗೆ ಕೆಲವನ್ನು ಹುಡುಕಿ ತೆರೆದರೆ ತೆರೆಯಬೇಕು. ಮಾದರಿಗೆ ನಾನು ಹುಡುಕಿದ್ದು ಕದ್ವಾಡ ಮತ್ತು ಕಿನ್ನರದ ಮದುವೆಗಳನ್ನು. ಮೂರೂ ಪರೀಕ್ಷೆಗಳು ಸರಿಹೋದವು. “ಎಲ್ಲವೂ ಬಂದಿವೆ” ಎಂದು ವಿಠೋಬಾ ಅವರಿಗೆ ಹೇಳಿದೆ. ಅಷ್ಟರಲ್ಲಿ ಹಳೆಯ ಯಂತ್ರದ ಪರದೆ ಪೂರ್ತಿ ಸತ್ತಿತ್ತು. ಅವರು ಅದನ್ನು ಬಿಡಿಭಾಗಗಳಿಗಾಗಿ ಯಾರಿಗೋ ಕೊಟ್ಟುಬಿಟ್ಟರು.

ಮುಂದಿನ ವಾರ ಹಣದ ರಸೀದಿ ಕೊಡಲು ನಾನು ಸ್ಟುಡಿಯೊಗೆ ಹೋದಾಗ ಅಲ್ಲಿ ಒಬ್ಬ ಹೆಂಗಸು ಕೂತಿದ್ದರು. ಹೆಸರು ಶೇವಂತಿ, ಊರು ದೇವಬಾಗ, ವಯಸ್ಸು ಮೂವತ್ತೈದರ ಆಸುಪಾಸು. ಗಂಡ ಟ್ರಾಲರ್ ಬೋಟಿನಲ್ಲಿ ಎಂದಿನಂತೆ ಹತ್ತು ದಿನದ ಮೀನುಗಾರಿಕೆಗೆ ಹೋಗಿದ್ದರು, ಅದಕ್ಕೇ ಆಕೆ ಒಬ್ಬರೇ ಬಂದಿದ್ದರು. ಆಕೆ ಮಾತನಾಡುವಾಗ ಕುರ್ಚಿಯ ಅಂಚಿನಲ್ಲೇ ಇದ್ದರು, ಬಸ್ಸು ತಪ್ಪೀತು ಎನ್ನುವವರ ಹಾಗೆ.

ಸಂಗತಿ ಇಷ್ಟು. ಹಿಂದಿನ ಮಳೆಗಾಲದಲ್ಲಿ ಕಡಲ್ಕೊರೆತಕ್ಕೆ ಅವರ ಮನೆ ಹೋಗಿತ್ತು. ಮನೆ ಕಳೆದುಕೊಂಡವರಿಗೆ ಬದಲಿ ನಿವೇಶನ ಕೊಡುವ ವಿಚಾರ ನಡೆದಿತ್ತು. ಯಾರೋ ಆಕ್ಷೇಪ ಎತ್ತಿದ್ದರು: ಆ ಜಾಗದಲ್ಲಿದ್ದದ್ದು ವಾಸದ ಮನೆಯೇ ಅಲ್ಲ, ಬಲೆ ಇಡುವ ಚಪ್ಪರ. ಗೋಡೆ, ಹೊಸ್ತಿಲು, ಬಾವಿ ಎಲ್ಲವೂ ನೀರಿನಡಿಯಲ್ಲಿ. ತೋರಿಸಲು ಏನೂ ಉಳಿದಿರಲಿಲ್ಲ. ಮರುದಿನ ಬೆಳಿಗ್ಗೆ ಕಾರವಾರದಲ್ಲಿ ಅಧಿಕಾರಿಗಳ ಮುಂದೆ ವಿಚಾರಣೆ.

“ನಮ್ಮ ಆಲ್ಬಮ್ಮೂ ಮನೆ ಸಂಗಡ್ಲೇ ಹೋಯ್ತು ಅಕ್ಕೋರೆ” ಎಂದರು ಶೇವಂತಿ. “ನನ್ನ ಮದುವೆ ಫೋಟೊ ತೆಗೆದಿದ್ದು ಇವ್ರೇ. ಗಂಡನ ಮನೆಯಲ್ಲೂ ತೆಗೆದಿದ್ರು. ಅದೊಂದು ಸಿಕ್ರೆ ಸಾಕು.”

ವಿಠೋಬಾ ನನ್ನ ಕಡೆಗೆ ನೋಡದೆ ಹೇಳಿದರು: “ದೇವಬಾಗ ಹೊಡೆದೆ. ಒಂದೂ ಇಲ್ಲ.”

ನಾನೇ ಕೂತು ಹುಡುಕಾಟದ ಚೌಕದಲ್ಲಿ ‘ದೇವಬಾಗ’ ಎಂದು ಟೈಪ್ ಮಾಡಿದೆ. ಸೊನ್ನೆ. ‘ಶೇವಂತಿ’ ಎಂದು ಮಾಡಿದೆ. ಸೊನ್ನೆ. ‘ಕದ್ವಾಡ’ ಎಂದಾಗ ಚಿತ್ರಗಳು ಪರದೆ ತುಂಬ ಸುರಿದವು. ಸಾಗಣೆ ಡಿಸ್ಕನ್ನು ಚೀಲದಿಂದ ತೆಗೆದು ಯಂತ್ರಕ್ಕೆ ಸಿಕ್ಕಿಸಿದೆ. ಅಲ್ಲಿಯೂ ದೇವಬಾಗ ಇಲ್ಲ.

“ಎಲ್ಲಾ ಬಂದದೆ ಅಂದ್ರಲಾ?”

“ಎಣಿಕೆ ಸರಿಯಿದೆ, ವಿಠೋಬಾ ಅವರೇ.”

“ಎಣಿಕೆ ಇಟ್ಕೊಂಡು ಇವ್ರು ಎಂತ ಮಾಡ್ಬೇಕು? ಸಾಯೇಬ್ರಿಗೆ ಎಣಿಕೆ ತೋರಿಸ್ಬೇಕಾ?”

ಎದ್ದು ಬಾಗಿಲಿಗೆ ಹೋದೆ, ತಿರುಗಿ ಬಂದೆ, ಕೂತೆ, ಮತ್ತೆ ಎದ್ದೆ. ಕಳೆದುಹೋಗಿದ್ದರೆ ಎಣಿಕೆ ಕಡಿಮೆಯಾಗಬೇಕಿತ್ತು. ಕಡಿಮೆಯಾಗಿಲ್ಲವೆಂದರೆ ಒಳಗೇ ಇವೆ. ಒಳಗಿದ್ದರೆ ಹುಡುಕಿದಾಗ ಏಕೆ ಬರುತ್ತಿಲ್ಲ? ಹಳೆಯ ಯಂತ್ರವಿದ್ದಿದ್ದರೆ ಅದರಲ್ಲಿ ನೋಡಬಹುದಿತ್ತು. ಅದು ಈಗ ಎಷ್ಟು ತುಂಡಾಗಿ ಎಲ್ಲೆಲ್ಲಿತ್ತೋ.

ಬೇರೆ ದಾರಿ ಕಾಣದೆ ಒಂದೊಂದೇ ಫೋಲ್ಡರ್ ತೆರೆದು ಕಣ್ಣಿನಿಂದಲೇ ಹುಡುಕಲು ತೊಡಗಿದೆವು. ಪರದೆಯ ಮೇಲೆ ಮದುವೆಗಳು ಓಡಿದವು. ಎಲ್ಲ ಮದುಮಕ್ಕಳ ಹಿಂದೆಯೂ ಒಂದೇ ಕೆಂಪು ಬಟ್ಟೆಯ ಪರದೆ.

“ಇವ್ರೆಲ್ಲಾ ಒಂದೇ ಮಂಟಪದಲ್ಲಿ ಮದುವೆ ಆದ್ರಾ?” ಎಂದು ಶೇವಂತಿ ಕೇಳಿದರು.

“ಪರದೆ ನನ್ನದು ತಂಗಿ” ಎಂದರು ವಿಠೋಬಾ. “ಹಿಂದೆ ಹಂಡೆ, ಚೊಂಬು, ಒಣಗಿಸಿದ ಲಂಗ ಕಂಡ್ರೆ ಚಂದ ಆಗ್ತದಾ? ಅದಕೇ ಕಟ್ತಿದ್ದೆ.”

ಶೇವಂತಿಯ ಮುಖ ಇಳಿಯಿತು. ಪರದೆ ಕಟ್ಟಿದ್ದರೆ ಅದರ ಹಿಂದಿನ ಮನೆ ಕಾಣುವುದಾದರೂ ಹೇಗೆ?

ಅದೆಷ್ಟನೆಯದೋ ಫೋಲ್ಡರಿನಲ್ಲಿ ನನ್ನ ಕೈ ನಿಂತಿತು. ಒಂದು ಚಿತ್ರದ ಕೆಳಗೆ ಹೆಸರು: ‘ದೇವಬಾಗ ರತ್ನಾಕರ ಮದುವೆ’. ಬೇರೆಯವರ ಮದುವೆ, ನಿಜ. ಆದರೆ ದೇವಬಾಗ ಒಂದೂ ಇಲ್ಲವೆಂದು ಯಂತ್ರ ಆಗಷ್ಟೇ ಹೇಳಿತ್ತು. ಹುಡುಕಾಟದ ಚೌಕದಲ್ಲಿ ‘ದೇವಬಾಗ’ ಎಂದು ಮತ್ತೆ ಟೈಪ್ ಮಾಡಿದೆ. ಎರಡನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

“ಊರುಗಳ ಹೆಸರು ಹೇಳುತ್ತ ಹೋಗಿ” ಎಂದು ವಿಠೋಬಾ ಅವರಿಗೆ ಹೇಳಿದೆ. ಅವರು ಹೇಳಿದರು, ನಾನು ಟೈಪ್ ಮಾಡಿದೆ. ಮಾಜಾಳಿ ಇದೆ. ಬೇಲೆಕೇರಿ ಇಲ್ಲ. ಕಾರವಾರ ಇದೆ. ಅಂಕೋಲಾ ಇಲ್ಲ. ಗೋಕರ್ಣ ಇಲ್ಲ.

ವ್ಯಾಕರಣ ಕಲಿಸಿದವಳಿಗೆ ಮೊದಲು ಹೊಳೆಯುವುದು ವ್ಯಾಕರಣವೇ. ದೇ, ಬೇ, ಕೋ, ಗೋ: ಎಲ್ಲವೂ ದೀರ್ಘಾಕ್ಷರ. ಯಂತ್ರ ದೀರ್ಘವನ್ನು ನುಂಗುತ್ತಿದೆ ಎಂದುಕೊಂಡೆ. ಆದರೆ ಕಾರವಾರದ ‘ಕಾ’ ಕೂಡ ದೀರ್ಘವೇ, ಅದು ಸಿಕ್ಕಿದೆ. ಅಷ್ಟರಲ್ಲಿ ವಿಠೋಬಾ “ಹೊನ್ನೆಬೈಲ” ಎಂದರು. ಟೈಪ್ ಮಾಡಿದೆ. ಇಲ್ಲ. ‘ಹೊ’ ಹ್ರಸ್ವ. ನನ್ನ ನಿಯಮ ಎರಡೂ ಕಡೆಯಿಂದ ಕುಸಿಯಿತು.

“ಶಾಲೆಯಲ್ಲಿ ಕಾಗುಣಿತ ತಪ್ಪಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ರಂತೆ ನೀವು” ಎಂದರು ವಿಠೋಬಾ. “ಈಗ ಕಂಪ್ಯೂಟರನ್ನೇ ನಿಲ್ಲಿಸಿ ನೋಡುವಾ.”

ಆ ಕೊಂಕಿಗೆ ನಗಲಾಗಲಿಲ್ಲ. ಆದರೆ ಕಾಗುಣಿತ ಎಂಬ ಮಾತು ತಲೆಯಲ್ಲಿ ಉಳಿಯಿತು. ಕಡತದ ಹೆಸರು ಬದಲಿಸುವ ಆಯ್ಕೆ ತೆರೆದು, ರತ್ನಾಕರನ ಚಿತ್ರದ ಹೆಸರಿನಲ್ಲಿ ‘ದೇ’ಯ ಪಕ್ಕ ಕರ್ಸರ್ ಇಟ್ಟು, ಅಳಿಸುವ ಕೀಲಿಯನ್ನು ಒಮ್ಮೆ ಒತ್ತಿದೆ. ‘ದೇ’ ಹೋಗಿ ‘ದೆ’ ಉಳಿಯಿತು. ಹುಡುಕಾಟದ ಚೌಕದಲ್ಲಿ ‘ದೇವಬಾಗ’ ಎಂದು ಟೈಪ್ ಮಾಡಿ ಅಲ್ಲಿಯೂ ಹಾಗೆಯೇ ಒಮ್ಮೆ ಒತ್ತಿದೆ. ಅಲ್ಲಿ ಬರೀ ‘ದ’ ಉಳಿಯಿತು.

ಒಂದನೆಯ ಇಯತ್ತೆಯ ಮಕ್ಕಳು ಕಾಗುಣಿತವನ್ನು ರಾಗವಾಗಿ ಹೇಳುವುದು ಎಲ್ಲರಿಗೂ ಗೊತ್ತು: ದಕಾರಕ್ಕೆ ಏತ್ವ ಕೊಟ್ಟರೆ ದೆ, ಅದಕ್ಕೆ ದೀರ್ಘ ಕೊಟ್ಟರೆ ದೇ. ಹಳೆಯ ಯಂತ್ರ ಕಡತದ ಹೆಸರುಗಳನ್ನು ಇದೇ ಕ್ರಮದಲ್ಲಿ, ಏತ್ವ ಬೇರೆ ದೀರ್ಘ ಬೇರೆ ಎಂದು ಬಿಡಿಸಿ ಇಟ್ಟುಕೊಂಡಿತ್ತು. ಹೊಸ ಯಂತ್ರದಲ್ಲಿ ಟೈಪ್ ಮಾಡಿದಾಗ ಎರಡೂ ಸೇರಿ ಒಂದೇ ಚಿಹ್ನೆ. ಪರದೆಯ ಮೇಲೆ ಎರಡೂ ಒಂದೇ ರೂಪ. ಒಳಗಿನ ಸಂಕೇತಗಳು ಮಾತ್ರ ಬೇರೆ. ಆದ್ದರಿಂದ ಹುಡುಕಾಟದಲ್ಲಿ ಒಂದು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಇದು ಉಚ್ಚಾರಣೆಯ ಹ್ರಸ್ವ ದೀರ್ಘಗಳಿಗೆ ಸೇರಿದ ಸಂಗತಿಯಲ್ಲ, ಚಿಹ್ನೆಗಳನ್ನು ಜೋಡಿಸುವ ಸಂಗತಿ. ಕೀ, ಕೇ, ಕೈ, ಕೊ, ಕೋ ಇವುಗಳ ಚಿಹ್ನೆಗಳನ್ನು ಬಿಡಿಸಲು ಬರುತ್ತದೆ. ‘ಕಾ’ದ ದೀರ್ಘವನ್ನು ತೋರಿಸುವ ಇಳಿ ಬಿಡಿಸಲಾಗದ ಒಂದೇ ತುಂಡು. ಅದಕ್ಕೇ ಕಾರವಾರ, ಕದ್ವಾಡ, ಕಿನ್ನರ ಉಳಿದವು; ದೇವಬಾಗ ಮರೆಯಾಯಿತು.

ಶೇವಂತಿ ಗಮನವಿಟ್ಟು ಕೇಳಿದರು. “ಅಂದ್ರೆ ಸಮುದ್ರ ನಮ್ಮ ಮನೆ ತುಂಡು ಮಾಡ್ತು, ನಿಮ್ಮ ಕಂಪ್ಯೂಟರ್ ಊರಿನ ಹೆಸರೂ ತುಂಡು ಮಾಡ್ತಾ? ಸೇರಿಸ್ಲಿಕ್ಕೆ ಆಗ್ತದಾ ಅಕ್ಕೋರೆ?”

“ಇದನ್ನು ಸೇರಿಸಬಹುದು” ಎಂದೆ.

ಬಿಡಿ ಚಿಹ್ನೆಗಳನ್ನು ಕೂಡಿಸುವ ಕ್ರಿಯೆಗೆ ನಾರ್ಮಲೈಸೇಶನ್ ಎನ್ನುತ್ತಾರೆ. ಅದಕ್ಕೆ ಚಿಕ್ಕ ಪ್ರೋಗ್ರಾಮು ಸಾಕು. ಆದರೆ ಅವಸರದಲ್ಲಿ ಎಲ್ಲ ಹೆಸರುಗಳನ್ನೂ ಒಮ್ಮೆಗೇ ಬದಲಿಸಿ ಕೆಟ್ಟರೆ ಇದ್ದದ್ದೂ ಹೋದೀತು. ಒಂದು ಫೋಲ್ಡರಿನ ನಕಲು ತೆಗೆದು ಅದರ ಮೇಲೆ ಮೊದಲು ಓಡಿಸಿದೆ. ವಿಠೋಬಾ ಗಡಿಯಾರ ನೋಡಿದರು, ಶೇವಂತಿ ರಸ್ತೆ ನೋಡಿದರು. ಕಾರವಾರದ ಬಸ್ಸೊಂದು ಬಂದು ಹೋಯಿತು. ನಕಲಿನಲ್ಲಿ ಸರಿಬಂದ ಮೇಲೆ ಇಡೀ ಸಂಗ್ರಹದ ಮೇಲೆ ಓಡಿಸಿ, ಮತ್ತೆ ‘ದೇವಬಾಗ ಶೇವಂತಿ’ ಎಂದು ಟೈಪ್ ಮಾಡಿದೆ.

ಬಂದವು. ಮೊದಲನೆಯದರಲ್ಲಿ ಕೆಂಪು ಪರದೆ. ಎರಡನೆಯದರಲ್ಲೂ ಕೆಂಪು ಪರದೆ. ಹತ್ತು, ಹದಿನೈದು, ಎಲ್ಲದರಲ್ಲೂ ಅದೇ. ಶೇವಂತಿ ಸೆರಗಿನ ತುದಿ ಸುತ್ತುತ್ತಿದ್ದರು. ಕೊನೆಯ ಸಾಲಿನಲ್ಲಿ ‘ದೇವಬಾಗ ಶೇವಂತಿ ಗೃಹಪ್ರವೇಶ’ ಎಂಬ ಒಂದೇ ಚಿತ್ರವಿತ್ತು. ತೆರೆದೆ.

ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಮಾಪ, ಅಂದರೆ ಅಳತೆಯ ಸೇರು. ಅದನ್ನು ಬಲಗಾಲಿನಿಂದ ಒಳಗೆ ತಳ್ಳುತ್ತಿರುವ ಮದುಮಗಳು. ಎರಡೂ ಬದಿಗೆ ಸುಣ್ಣ ಬಳಿದ ಗೋಡೆ, ಬಾಗಿಲ ಸುತ್ತ ಕಟ್ಟಿಗೆಯ ದಾರಂದ, ಒಳಗೆ ದೀಪ ಹಚ್ಚಿದ ದೇವರ ಗೂಡು. ಬಾಗಿಲ ಮುಂದೆ ಪರದೆ ಕಟ್ಟಿದರೆ ಮದುಮಗಳು ಒಳಗೆ ಹೋಗುವುದು ಹೇಗೆ? ಆದ್ದರಿಂದ ವಿಠೋಬಾ ಅಲ್ಲಿ ಕಟ್ಟಿರಲಿಲ್ಲ.

“ನಮ್ಮ ಘರ್, ನಮ್ಮ ಮನೆ” ಎಂದರು ಶೇವಂತಿ. ಚಿತ್ರದ ಮೇಲೆ ಬೆರಳಿಟ್ಟು, “ಬಾಗಿಲ ಪಕ್ಕ ನಿಂತವ್ಳು ನಮ್ಮ ಅತ್ತೆ. ಮಾಪ ಜೋರಾಗಿ ಒದ್ದೆ ಅಂತ ಹತ್ತು ವರ್ಷ ಬಯ್ದಿದ್ದಾಳೆ” ಎಂದರು.

ಪ್ರತಿಯೊಂದು ಡಿಜಿಟಲ್ ಚಿತ್ರದೊಳಗೂ ಅದನ್ನು ತೆಗೆದ ದಿನಾಂಕ ಇರುತ್ತದೆ. ಎಲ್ಲಿಗೆ ಸಾಗಿಸಿದರೂ ಅದು ಬದಲಾಗುವುದಿಲ್ಲ. ಮದುವೆಯ ದಿನ ಕೇಳಿ ಅದರಿಂದಲೇ ಹುಡುಕಬಹುದಿತ್ತು, ಹೆಸರಿನ ಗುಂಗಿನಲ್ಲಿ ನನಗೆ ಹೊಳೆದಿರಲಿಲ್ಲ. ಆ ದಿನಾಂಕವನ್ನೂ ಸೇರಿಸಿ ವಿಠೋಬಾ ದೊಡ್ಡ ಪ್ರತಿ ಮುದ್ರಿಸಿದರು, ಹಿಂದೆ ಸ್ಟುಡಿಯೊದ ಮುದ್ರೆ ಒತ್ತಿ ಸಹಿ ಹಾಕಿದರು. ಶೇವಂತಿ ಮುಂದಿನ ಬಸ್ಸು ಹಿಡಿದರು. ಮರುದಿನ ಮಧ್ಯಾಹ್ನದವರೆಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕೊನೆಗೆ ಫೋನು ಬಂತು.

“ಸಾಯೇಬ್ರು ಫೋಟೊ ನೋಡಿ, ಇದೆಂತ ಒದೀತಾ ಇದ್ದೀ ಅಂತ ಕೇಳಿದ್ರು. ಅಕ್ಕಿ ಮಾಪ ಅಂದೆ. ಬಲೆ ಇಡೂ ಚಪ್ಪರಕ್ಕೆ ಯಾರಾದ್ರೂ ಸೊಸೆಯನ್ನ ಮಾಪ ಒದೆಸಿ ತುಂಬಿಸ್ಕೊಳ್ತಾರಾ ಅಂತ ನಾನೇ ತಿರುಗಿ ಕೇಳಿದೆ. ಅಲ್ಲಿದ್ದವ್ರೆಲ್ಲಾ ನಕ್ರು. ಆಕ್ಷೇಪ ತೆಗೆದು ಹಾಕಿದ್ರು, ಅಕ್ಕೋರೆ.”

ಎಣಿಕೆ, ಗಾತ್ರ, ಮಾದರಿ ಎಂಬ ಪರೀಕ್ಷೆಗಳನ್ನು ಈಗಲೂ ಮಾಡುತ್ತೇನೆ, ಅವು ಬೇಕು. ಅವುಗಳ ಜೊತೆಗೆ, ಸಂಗ್ರಹದಲ್ಲಿ ತಮ್ಮ ಚಿತ್ರವಿರುವ ಯಾರನ್ನಾದರೂ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಅವರು ತಮ್ಮ ಊರಿನ ಹೆಸರನ್ನು ತಮ್ಮ ಬಾಯಲ್ಲಿ ಹೇಳಬೇಕು, ಆ ಹೆಸರಿಗೆ ಚಿತ್ರ ಎದ್ದು ಬರಬೇಕು. ಅಲ್ಲಿಯವರೆಗೆ ಕೆಲಸ ಮುಗಿಯಿತೆಂದು ಬರೆದುಕೊಡುವುದಿಲ್ಲ. ಡಿಸ್ಕಿನೊಳಗೆ ಇರುವುದು ಬೇರೆ, ಕರೆದಾಗ ಓಗೊಡುವುದು ಬೇರೆ. ಜನ ನನಗೆ ಹಣ ಕೊಡುವುದು ಎರಡನೆಯದಕ್ಕೆ.